ಡಾಕರ್ ಸೆಟಪ್ ಸ್ಕ್ರಿಪ್ಟ್: ಎರಡನೇ ಸಲ ಓಡಿಸಿದರೂ ಕೆಡಬಾರದು

ಡಾಕರ್ ಅಂದರೆ ಪ್ರೋಗ್ರಾಮುಗಳನ್ನು 'ಕಂಟೇನರ್' ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್. ಹೊಸ ಉಬುಂಟು ಲಿನಕ್ಸಿಗೆ ಅದನ್ನು ಹಾಕುವುದು ಹತ್ತು ಹನ್ನೆರಡು ಕಮಾಂಡಿನ ಕೆಲಸ. ಒಂದು ಸಲಕ್ಕಾದರೆ ಕೈಯಲ್ಲೇ ಟೈಪ್ ಮಾಡಬಹುದು. ಮೂರನೇ ಸಿಸ್ಟಮ್ ಹೊತ್ತಿಗೆ ಯಾವುದೋ ಸಾಲು ಬಿಟ್ಟುಹೋಗಿರುತ್ತದೆ. ಅದಕ್ಕೇ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನೆಲ್ಲ ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲು. ಆದರೆ ಕಮಾಂಡುಗಳನ್ನು ಸುಮ್ನೆ ಒಂದರ ಕೆಳಗೊಂದು ಅಂಟಿಸಿದರೆ ಸಾಲದು. ಮಧ್ಯದಲ್ಲಿ ನೆಟ್ ಕೈಕೊಟ್ಟರೆ ಅದನ್ನೇ ಮತ್ತೆ ಓಡಿಸಬೇಕು, ಅಲ್ವಾ? ಆಗ ಮೊದಲು ಆದ ಕೆಲಸ ಕೆಡಬಾರದು.

ಶುರುವಿನಲ್ಲೇ 'ಸೆಟ್' ಕಮಾಂಡಿಗೆ ಇ, ಯು, ಪೈಪ್‌ಫೇಲ್ ಮೂರನ್ನೂ ಕೊಡಿ. 'ಇ' ಇದ್ದರೆ ಒಂದು ಕಮಾಂಡ್ ಸೋತ ಕೂಡಲೇ ಸ್ಕ್ರಿಪ್ಟ್ ನಿಲ್ಲುತ್ತದೆ. 'ಯು' ಇದ್ದರೆ ಹೆಸರು ತಪ್ಪಿ ಬರೆದ ವೇರಿಯಬಲ್ ಸಿಕ್ಕಿಬೀಳುತ್ತದೆ. ಪೈಪ್ ಅಂದರೆ ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಸರಪಳಿ. ಪೈಪ್‌ಫೇಲ್ ಇಲ್ಲದಿದ್ದರೆ ಪೈಪಿನ ಕೊನೆಯ ಕಮಾಂಡ್ ಗೆದ್ದರೆ ಸಾಕು, ಮೊದಲಿನ ಕರ್ಲ್ (ನೆಟ್‌ನಿಂದ ಫೈಲ್ ತರುವ ಕಮಾಂಡ್) ಸೋತಿದ್ದು ಗೊತ್ತೇ ಆಗುವುದಿಲ್ಲ.

ಶೆಲ್ ತೆರೆದಾಗಲೆಲ್ಲ ಓದುವ ಸೆಟ್ಟಿಂಗ್ ಫೈಲು ಬ್ಯಾಶ್‌ಆರ್‌ಸಿಗೆ ಎರಡು ಬಾಣ (>>) ಹಾಕಿ ಸಾಲು ಸೇರಿಸುವಾಗ ಎಚ್ಚರ. ಪ್ರತಿ ಸಲ ಓಡಿಸಿದಾಗಲೂ ಅದೇ ಸಾಲು ಮತ್ತೊಮ್ಮೆ ಸೇರುತ್ತದೆ. ಮೊದಲು ಗ್ರೆಪ್ ಎಂಬ ಹುಡುಕುವ ಕಮಾಂಡಿನಲ್ಲಿ ಹುಡುಕಿ, ಇಲ್ಲದಿದ್ದರೆ ಮಾತ್ರ ಸೇರಿಸಿ. ಇಲ್ಲೊಂದು ಗುಂಡಿ ಇದೆ: ಸಾಲು ಸಿಗದಿದ್ದರೆ ಗ್ರೆಪ್ 1 ಕೊಡುತ್ತದೆ, 'ಇ' ಅದನ್ನೂ ಸೋಲು ಅಂದುಕೊಂಡು ಸ್ಕ್ರಿಪ್ಟನ್ನೇ ನಿಲ್ಲಿಸುತ್ತದೆ. ಗ್ರೆಪ್ ಅನ್ನು 'ಇಫ್' ಒಳಗಿಟ್ಟರೆ ಆಯಿತು.

ಡಾಕರ್ ಎಲ್ಲಿಂದ ಇಳಿಸಬೇಕು ಅಂತ ಹೇಳುವ ರೆಪಾಸಿಟರಿ ಸಾಲಿನಲ್ಲಿ 'ಜ್ಯಾಮಿ' ಅಂತ ನೇರವಾಗಿ ಬರೆಯಬೇಡಿ. ಅದು ಉಬುಂಟು 22.04ರ ಹೆಸರು, 24.04 ಬಂದರೆ 'ನೋಬಲ್'. ಇಟಿಸಿ ಒಳಗಿನ ಓಎಸ್-ರಿಲೀಸ್ ಫೈಲಿನಿಂದಲೇ ಹೆಸರು ಓದಿಸಿ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಕಾಣುವ ಆಪ್ಟ್-ಕೀ ಕಮಾಂಡ್ ಕೂಡ ಬೇಡ, ಪ್ಯಾಕೇಜ್ ಅಸಲಿಯೇ ಅಂತ ಪರೀಕ್ಷಿಸುವ ಕೀ ಈಗ ಇರುವುದು ಇಟಿಸಿ ಆಪ್ಟ್ ಕೀರಿಂಗ್ಸ್ ಫೋಲ್ಡರಿನಲ್ಲಿ.

ಇನ್ನು ನಾನು ಬಿದ್ದ ಜಾಗ. ಸುಡೋ (ಕಮಾಂಡನ್ನು ರೂಟ್, ಅಂದರೆ ಪೂರ್ತಿ ಅಧಿಕಾರದ ಯೂಸರ್, ಆಗಿ ಓಡಿಸುವುದು) ಇಲ್ಲದೆ ಡಾಕರ್ ಬಳಸಲು ನಮ್ಮ ಯೂಸರನ್ನು ಡಾಕರ್ ಗ್ರೂಪಿಗೆ ಸೇರಿಸಬೇಕು. ಯೂಸರ್‌ಮಾಡ್ ಕಮಾಂಡಿನಲ್ಲಿ ಚಿಕ್ಕ 'ಎ', ದೊಡ್ಡ 'ಜಿ' ಎರಡೂ ಬೇಕು. ನಾನು 'ಎ' ಬಿಟ್ಟಿದ್ದೆ. 'ಎ' ಇಲ್ಲದ 'ಜಿ' ಸೇರಿಸುವುದಿಲ್ಲ, ಇದ್ದ ಗ್ರೂಪುಗಳನ್ನೆಲ್ಲ ಕಿತ್ತು ಹೊಸದೊಂದನ್ನೇ ಇಡುತ್ತದೆ. ಲಾಗ್‌ಔಟ್ ಮಾಡಿ ಬಂದರೆ ಸುಡೋ ಗ್ರೂಪಿನಿಂದಲೇ ನಾನು ಔಟ್!

ಮಜಾ ಅಂದರೆ, ಕಾಪಾಡಿದ್ದೂ ಡಾಕರೇ. ಇಡೀ ಡಿಸ್ಕನ್ನು ಒಂದು ಕಂಟೇನರಿಗೆ ಮೌಂಟ್ ಮಾಡಿ, ಒಳಗೆ ಸಿಎಚ್‌ರೂಟ್ ಹಾಕಿ (ಆ ಡಿಸ್ಕನ್ನೇ ತನ್ನ ಸಿಸ್ಟಮ್ ಅಂದುಕೊಳ್ಳುವಂತೆ ಮಾಡುವ ಕಮಾಂಡ್), ಅಲ್ಲಿಂದಲೇ ನನ್ನನ್ನು ಸುಡೋಗೆ ವಾಪಸ್ ಸೇರಿಸಿಕೊಂಡೆ. ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಖುಷಿಯಾಯಿತು, ಆಮೇಲೆ ಭಯವೂ ಆಯಿತು. ಡಾಕರ್ ಗ್ರೂಪಿನಲ್ಲಿ ಇರುವವನು ರೂಟ್ ಇದ್ದ ಹಾಗೆಯೇ. ಹತ್ತಾರು ಜನ ಬಳಸುವ ಸರ್ವರಿನಲ್ಲಿ ಡಾಕರ್ ಗ್ರೂಪಿಗೆ ಸೇರಿಸುವ ಈ ಸಾಲನ್ನು ಸ್ಕ್ರಿಪ್ಟಿಗೆ ಹಾಕಲೇಬೇಡಿ.

ಪೂರ್ತಿ ಸ್ಕ್ರಿಪ್ಟಿಗೇ ಸುಡೋ ಹಾಕಿ ಓಡಿಸುವವರು ಇನ್ನೊಂದು ನೋಡಿಕೊಳ್ಳಿ: ಆಗ 'ಯೂಸರ್' ವೇರಿಯಬಲ್‌ನಲ್ಲಿ ನಿಮ್ಮ ಹೆಸರಿರುವುದಿಲ್ಲ, 'ರೂಟ್' ಇರುತ್ತದೆ. ನಿಮ್ಮ ಹೆಸರು 'ಸುಡೋ ಯೂಸರ್' ವೇರಿಯಬಲ್‌ನಲ್ಲಿ ಸಿಗುತ್ತದೆ.

ಹೊಸ ಗ್ರೂಪ್ ಮತ್ತೆ ಲಾಗಿನ್ ಆಗುವವರೆಗೂ ಲೆಕ್ಕಕ್ಕಿಲ್ಲ. 'ನ್ಯೂಗ್ರೂಪ್' (newgrp) ಕಮಾಂಡ್ ಹಾಕಿದರೆ ಸರಿಹೋಗುತ್ತದೆ ಅಂತ ಸ್ಕ್ರಿಪ್ಟ್ ಒಳಗೆ ಬರೆದರೆ ಅದು ಇನ್ನೊಂದು ಶೆಲ್ ತೆರೆದು ಕೂರುತ್ತದೆ, ಮುಂದಿನ ಸಾಲುಗಳು ಹಾಗೇ ಕಾಯುತ್ತಿರುತ್ತವೆ. ಡಾಕರ್ ಸರಿಯಾಗಿ ಕೂತಿದೆಯಾ ಅಂತ ನೋಡುವ ಹಲೋ-ವರ್ಲ್ಡ್ ಪರೀಕ್ಷೆಯನ್ನು ನಾನೀಗ ಸುಡೋ ಹಾಕಿಯೇ ಓಡಿಸುತ್ತೇನೆ. ಕೊನೆಯಲ್ಲೊಂದು ಎಕೋ (ಪರದೆಗೆ ಸಂದೇಶ ಬರೆಯುವ ಕಮಾಂಡ್): 'ಲಾಗ್‌ಔಟ್ ಮಾಡಿ ಬನ್ನಿ'.