ರೀಕಾಲ್: ಗೆಲ್ಲಿಸಿದವರೇ ಇಳಿಸುವ ಹಕ್ಕು

ಅಮೆರಿಕದ ಇತಿಹಾಸ ಓದುವಾಗ 'ಪ್ರೋಗ್ರೆಸಿವ್ ಯುಗ' ಅಂತ ಒಂದು ಪಾಠ ಬರುತ್ತದೆ. 1890ರ ದಶಕದಿಂದ ಹೆಚ್ಚುಕಡಿಮೆ 1920ರವರೆಗಿನ ಕಾಲ ಅದು. ಮಕ್ಕಳು 'ಪ್ರಗತಿಪರ ಕಾಲ' ಎಂದು ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ಆದರೆ ಆಗ ಏನು ಬದಲಾಯಿತು ಅನ್ನುವುದು ಆ ಎರಡು ಪದಗಳಿಂದ ತಿಳಿಯುವುದಿಲ್ಲ. ಒಂದೇ ಪದ ಹಿಡಿದು ಆ ಕಾಲವನ್ನು ಕಲಿಸಿ ಎಂದರೆ ನಾನು ಹಿಡಿಯುವುದು 'ರೀಕಾಲ್' ಅನ್ನುವ ಪದವನ್ನು.

ಚುನಾವಣೆಯಲ್ಲಿ ಗೆದ್ದವರನ್ನು ಅವಧಿ ಮುಗಿಯುವ ಮೊದಲೇ ಮತದಾರರು ವೋಟು ಹಾಕಿ ಇಳಿಸುವುದೇ ರೀಕಾಲ್. ನಮ್ಮ ಪತ್ರಿಕೆಗಳು ಇದನ್ನು 'ವಾಪಸ್ ಕರೆಸಿಕೊಳ್ಳುವ ಹಕ್ಕು' ಎನ್ನುತ್ತವೆ. ನಮ್ಮ ಶಾಸಕರನ್ನಾಗಲಿ ಸಂಸದರನ್ನಾಗಲಿ ಹೀಗೆ ಇಳಿಸಲು ಕಾನೂನಿಲ್ಲ. ಹಾಗಾಗಿ ಮಕ್ಕಳು ಇದನ್ನು ಅವಿಶ್ವಾಸ ನಿರ್ಣಯದ ಜೊತೆಗೋ ವಾಗ್ದಂಡನೆಯ ಜೊತೆಗೋ ಕಲಸಿಬಿಡುತ್ತಾರೆ. ಅವೆರಡರಲ್ಲೂ ತೀರ್ಮಾನ ಸದನದ ಕೈಯಲ್ಲಿದೆ. ರೀಕಾಲ್‌ನಲ್ಲಿ ಸದನಕ್ಕೆ ಕೆಲಸವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಪ್ಪು ಸಾಬೀತಾಗಬೇಕು ಅಂತಲೂ ಇಲ್ಲ. ಸಾಕಷ್ಟು ಸಹಿ ಬಿದ್ದರೆ ಸಾಕು, ವಿಷಯ ಮತಪೆಟ್ಟಿಗೆಗೆ ಬರುತ್ತದೆ.

ಇಂಥ ಹಕ್ಕು ಯಾಕೆ ಬೇಕಾಯಿತು? ಆಗಿನ ಕ್ಯಾಲಿಫೋರ್ನಿಯಾದಲ್ಲಿ ಸದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿಯದ್ದೇ ದರ್ಬಾರು. ಎರಡೂ ಪಕ್ಷಗಳಲ್ಲಿ ಅದರ ಜನ ಇದ್ದರು. ಜನ ಯಾರನ್ನು ಗೆಲ್ಲಿಸಿದರೂ ಆತ ಕಂಪನಿಯ ಮಾತು ಕೇಳಿದರೆ ವೋಟಿಗೆ ಬೆಲೆ ಎಲ್ಲಿ, ಅಲ್ವಾ? 1903ರಲ್ಲಿ ಲಾಸ್ ಏಂಜಲೀಸ್ ನಗರ ತನ್ನ ನಿಯಮಗಳಲ್ಲಿ ರೀಕಾಲ್ ಸೇರಿಸಿತು. ಮರುವರ್ಷವೇ ಒಬ್ಬ ಕೌನ್ಸಿಲರ್ ಸ್ಥಾನ ಕಳೆದುಕೊಂಡರು. 1910ರಲ್ಲಿ ಹೈರಮ್ ಜಾನ್ಸನ್ ಗವರ್ನರ್ (ಅಲ್ಲಿ ಜನರೇ ಆರಿಸುವ, ರಾಜ್ಯ ಸರ್ಕಾರದ ಮುಖ್ಯಸ್ಥ) ಸ್ಥಾನಕ್ಕೆ ನಿಂತು, ರೈಲು ಕಂಪನಿಯನ್ನು ರಾಜಕೀಯದಿಂದ ಓಡಿಸುತ್ತೇನೆ ಎಂದು ಮೋಟಾರು ಕಾರಿನಲ್ಲೇ ರಾಜ್ಯ ಸುತ್ತಿ ಗೆದ್ದರು. 1911ರ ಅಕ್ಟೋಬರ್ 10ರಂದು ಮತದಾರರು ವೋಟು ಹಾಕಿ ಒಪ್ಪಿ, ರೀಕಾಲ್ ರಾಜ್ಯದ ಸಂವಿಧಾನ ಸೇರಿತು.

ಅಂದು ವೋಟು ಹಾಕಿದವರೆಲ್ಲ ಗಂಡಸರು. ಹೆಣ್ಣುಮಕ್ಕಳಿಗೂ ವೋಟು ಕೊಡಬೇಕೇ ಎಂಬ ಪ್ರಶ್ನೆಯೂ ಅದೇ ದಿನ ಇತ್ತು. ಅದು ಕೂದಲೆಳೆಯಲ್ಲಿ ಪಾಸಾಯಿತು. ಚೀನಾದಿಂದ ವಲಸೆ ಬಂದವರಿಗಂತೂ ಆಗ ಪೌರತ್ವವೇ ಸಿಗುತ್ತಿರಲಿಲ್ಲ. ಸುಧಾರಕರು 'ಜನ' ಎಂದಾಗ ಅದರಲ್ಲಿ ಯಾರಿದ್ದರು, ಯಾರಿರಲಿಲ್ಲ ಅನ್ನುವುದನ್ನು ಪಾಠದಲ್ಲಿ ಬಿಡಲೇಬಾರದು.

ಈ ಪದಕ್ಕೆ ಅತ್ಯುತ್ತಮ ಕಥೆ ಇರುವುದು ಅರಿಜೋನಾದಲ್ಲಿ. ಅದಿನ್ನೂ ರಾಜ್ಯವಾಗಿರಲಿಲ್ಲ. ರಾಜ್ಯವಾಗಲು ಬರೆದುಕೊಂಡ ಸಂವಿಧಾನದಲ್ಲಿ ನ್ಯಾಯಾಧೀಶರನ್ನೂ ರೀಕಾಲ್ ಮಾಡಬಹುದು ಎಂದಿತ್ತು. ಅಧ್ಯಕ್ಷ ವಿಲಿಯಂ ಟಾಫ್ಟ್ ಹಿಂದೆ ಸ್ವತಃ ನ್ಯಾಯಾಧೀಶರಾಗಿದ್ದವರು. ಜನರ ಸಿಟ್ಟಿಗೆ ಹೆದರುವ ನ್ಯಾಯಾಧೀಶ ನ್ಯಾಯ ಹೇಳಲಾರ ಎಂಬುದು ಅವರ ವಾದ. 1911ರ ಆಗಸ್ಟ್‌ನಲ್ಲಿ ಅವರು ಅರಿಜೋನಾವನ್ನು ರಾಜ್ಯ ಮಾಡುವ ನಿರ್ಣಯಕ್ಕೆ ವೀಟೋ ಹಾಕಿ ತಡೆದರು. ಅರಿಜೋನಾದವರು ಆ ಸಾಲನ್ನು ತೆಗೆದುಹಾಕಿ 1912ರ ಫೆಬ್ರುವರಿ 14ರಂದು ರಾಜ್ಯವಾದರು. ಅದೇ ನವೆಂಬರ್‌ನಲ್ಲಿ ವೋಟು ಹಾಕಿ ಅದೇ ಸಾಲನ್ನು ಮತ್ತೆ ಸೇರಿಸಿಕೊಂಡರು!

ರೀಕಾಲ್ ಹೇಗೆ ನಡೆಯುತ್ತದೆ ಎಂದು ತೋರಿಸಲು 2003ರ ಕ್ಯಾಲಿಫೋರ್ನಿಯಾ ಸಾಕು. ಗವರ್ನರ್ ಗ್ರೇ ಡೇವಿಸ್ ಹಿಂದಿನ ವರ್ಷವಷ್ಟೇ ಮರು ಆಯ್ಕೆಯಾಗಿದ್ದರು. ಆ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 12ರಷ್ಟು ಸಹಿ, ಅಂದರೆ ಸುಮಾರು 9 ಲಕ್ಷ ಬೇಕಿತ್ತು. ಅದಕ್ಕಿಂತ ಜಾಸ್ತಿಯೇ ಬಂತು. ಮತಪತ್ರದಲ್ಲಿ ಎರಡು ಪ್ರಶ್ನೆ: ಇವರನ್ನು ಇಳಿಸಬೇಕೇ? ಇಳಿಸಿದರೆ ಯಾರು ಬರಬೇಕು? ಎರಡನೆಯದಕ್ಕೆ 135 ಹೆಸರುಗಳಿದ್ದವು. ಡೇವಿಸ್ ಇಳಿದರು, ನಟ ಅರ್ನಾಲ್ಡ್ ಶ್ವಾರ್ಜನೆಗರ್ ಬಂದರು. 2021ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರ ಮೇಲೂ ಇದೇ ಅಸ್ತ್ರ ಬಂತು, ಅವರು ಉಳಿದುಕೊಂಡರು.

ಟಾಫ್ಟ್ ಎತ್ತಿದ ಪ್ರಶ್ನೆ ಮಾತ್ರ ಹಳೆಯದಾಗಲಿಲ್ಲ. ಸ್ಯಾನ್ ಹೊಸೆ, ಸನ್ನಿವೇಲ್, ಕೂಪರ್ಟಿನೊ ಇರುವ ಸಾಂಟಾ ಕ್ಲಾರಾ ಕೌಂಟಿ ನಮ್ಮ ಎಷ್ಟೋ ಕನ್ನಡಿಗರು ನೆಲೆಸಿರುವ ಜಾಗ. ಲೈಂಗಿಕ ದೌರ್ಜನ್ಯ ಎಸಗಿದ ಒಬ್ಬ ವಿದ್ಯಾರ್ಥಿಗೆ ಅಲ್ಲಿನ ನ್ಯಾಯಾಧೀಶರೊಬ್ಬರು 2016ರಲ್ಲಿ ಬರೀ ಆರು ತಿಂಗಳ ಜೈಲು ಕೊಟ್ಟರು. 2018ರ ಜೂನ್‌ನಲ್ಲಿ ಮತದಾರರು ಆ ನ್ಯಾಯಾಧೀಶರನ್ನು ಇಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 80ಕ್ಕೂ ಹೆಚ್ಚು ವರ್ಷಗಳಿಂದ ಹಾಗಾಗಿರಲಿಲ್ಲ. ಆ ಶಿಕ್ಷೆ ತೀರಾ ಕಡಿಮೆ ಅಂತಲೇ ನನ್ನ ಅಭಿಪ್ರಾಯ. ಆದರೂ ಮುಂದಿನ ಕೇಸಿನಲ್ಲಿ ಇನ್ನೊಬ್ಬ ನ್ಯಾಯಾಧೀಶರು ಹೆದರಿ ಬಡವನೊಬ್ಬನಿಗೆ ಜಾಸ್ತಿ ಶಿಕ್ಷೆ ಕೊಟ್ಟರೆ ಅನ್ನುವ ಆತಂಕವೂ ನನ್ನನ್ನು ಬಿಡುವುದಿಲ್ಲ. ತರಗತಿಯಲ್ಲಿ 1911ರ ವೀಟೋವನ್ನೂ 2018ರ ಈ ಮತದಾನವನ್ನೂ ಪಕ್ಕಪಕ್ಕ ಇಟ್ಟು, ಅರ್ಧ ಮಕ್ಕಳಿಗೆ ಟಾಫ್ಟ್ ಪರ, ಇನ್ನರ್ಧಕ್ಕೆ ಅರಿಜೋನಾದವರ ಪರ ಮಾತಾಡಲು ಹೇಳಿ. ಅರ್ಧ ಗಂಟೆ ಆದಮೇಲೆ ಪಕ್ಷ ಅದಲುಬದಲು ಮಾಡಿ.