ಶೆಲ್ ಅಪ್‌ಗ್ರೇಡ್ ಆದ ಮೇಲೆ ಓಡುತ್ತಿರುವುದು ಯಾವ ಶೆಲ್?

ಅವೆನ್ಯೂ ರಸ್ತೆಯ ಸಗಟು ವ್ಯಾಪಾರಿಯೊಬ್ಬರ ಸರ್ವರ್ ನೋಡಿಕೊಳ್ಳುವ ಯುವಕ ಒಂದು ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡಿ, “ಸರ್, ಸ್ಕ್ರಿಪ್ಟ್ ನಾನು ಮುಟ್ಟೇ ಇಲ್ಲ, ಆದ್ರೂ ಬಿಲ್ಲಿನಲ್ಲಿ ಗಿರಾಕಿಗಳ ಹೆಸರು ಕೆಟ್ಟು ಬರ್ತಾ ಇದೆ” ಎಂದರು. ಎಲ್ಲರ ಹೆಸರೂ ಕೆಟ್ಟಿರಲಿಲ್ಲ. ಹೆಸರಿನಲ್ಲಿ ‘&’ ಚಿಹ್ನೆ ಇದ್ದವರದು ಮಾತ್ರ ಕೆಟ್ಟಿತ್ತು; ಬಿಲ್ಲಿನ ಮಾದರಿ ಕಡತದಲ್ಲಿ ಹೆಸರು ತುಂಬಲೆಂದು ಇಟ್ಟಿದ್ದ ‘ಗಿರಾಕಿ_ಹೆಸರು’ ಎಂಬ ಗುರುತೇ ಆ ಚಿಹ್ನೆಯ ಜಾಗದಲ್ಲಿ ಅಚ್ಚಾಗಿತ್ತು. ತಂದೆ ಮಕ್ಕಳು, ಅಣ್ಣ ತಮ್ಮಂದಿರು ಸೇರಿ ನಡೆಸುವ ಅಂಗಡಿಗಳು ತುಂಬಿರುವ ಆ ಪೇಟೆಯಲ್ಲಿ ‘& ಸನ್ಸ್’, ‘& ಬ್ರದರ್ಸ್’ ಎಂಬ ಹೆಸರುಗಳಿಗೆ ಕೊರತೆಯಿಲ್ಲವಾದ್ದರಿಂದ, ಮಧ್ಯಾಹ್ನದ ಹೊತ್ತಿಗೆ ಅವರ ಮೇಜಿನ ಮೇಲೆ ಕೆಟ್ಟ ಬಿಲ್ಲುಗಳ ದೊಡ್ಡ ಕಟ್ಟೇ ಸೇರಿತ್ತು.

ಹಿಂದಿನ ದಿನ ಅವರು ಸರ್ವರ್‌ನ ಕಾರ್ಯನಿರ್ವಹಣಾ ವ್ಯವಸ್ಥೆಯಾದ ಉಬುಂಟು 22.04ನ್ನು 24.04ಕ್ಕೆ ಏರಿಸಿದ್ದರು. ಆ ಜೊತೆಗೆ ಬ್ಯಾಷ್ ಎಂಬ ಶೆಲ್ (ನಾವು ಕೊಟ್ಟ ಆಜ್ಞೆಗಳನ್ನೂ ಸ್ಕ್ರಿಪ್ಟುಗಳನ್ನೂ ಓದಿ ನಡೆಸುವ ತಂತ್ರಾಂಶ) ಕೂಡ 5.1ರಿಂದ 5.2ಕ್ಕೆ ಏರಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬಂದ 5.2ರಲ್ಲಿ ‘ಪ್ಯಾಟ್‌ಸಬ್ ರಿಪ್ಲೇಸ್‌ಮೆಂಟ್’ ಎಂಬ ಆಯ್ಕೆ ಮೊದಲಿನಿಂದಲೇ ಆನ್ ಆಗಿರುತ್ತದೆ. ಒಂದು ವೇರಿಯಬಲ್‌ನಲ್ಲಿ (ಹೆಸರು ಕೊಟ್ಟು ಮೌಲ್ಯ ಇಟ್ಟುಕೊಳ್ಳುವ ಜಾಗದಲ್ಲಿ) ಒಂದು ಪದವನ್ನು ಹುಡುಕಿ ಇನ್ನೊಂದನ್ನು ಕೂರಿಸುವಾಗ, ಕೂರಿಸುವ ಪಠ್ಯದಲ್ಲಿ ಉದ್ಧರಣ ಚಿಹ್ನೆಗಳ ರಕ್ಷಣೆಯಿಲ್ಲದ ‘&’ ಕಂಡರೆ, ಹುಡುಕಿ ಸಿಕ್ಕ ಪದವನ್ನೇ ಶೆಲ್ ಅಲ್ಲಿ ಇಡುತ್ತದೆ. ಪಠ್ಯ ತಿದ್ದುವ ‘ಸೆಡ್’ ಆಜ್ಞೆ ಬಳಸಿದವರಿಗೆ ಇದು ಪರಿಚಿತ ನಡವಳಿಕೆ; ಬ್ಯಾಷ್‌ನಲ್ಲಿ ಹೊಸದು. ‘&’ ಸ್ಕ್ರಿಪ್ಟಿನಲ್ಲಿ ಬರೆದದ್ದೇ ಆಗಬೇಕೆಂದಿಲ್ಲ, ವೇರಿಯಬಲ್‌ನ ಒಳಗಿಂದ ಬಂದರೂ ಇದೇ ಫಲ. ಈ ಆಯ್ಕೆಯನ್ನು ‘ಶಾಪ್ಟ್’ ಆಜ್ಞೆಯಿಂದ ಆಫ್ ಮಾಡಬಹುದು, ಆದರೆ ನಾನು ಹಾಗೆ ಮಾಡಿಸಲಿಲ್ಲ. ಕೂರಿಸುವ ವೇರಿಯಬಲ್‌ನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿಸಿದೆ, ಏಕೆಂದರೆ ಸ್ಕ್ರಿಪ್ಟ್ ನಾಳೆ ಇನ್ನೊಂದು ಯಂತ್ರಕ್ಕೆ ಹೋದರೂ ಆ ಆಯ್ಕೆ ಅಲ್ಲಿ ಹೇಗಿದೆ ಎಂದು ಯಾರೂ ನೆನಪಿಡಬೇಕಾಗುವುದಿಲ್ಲ.

ಆ ಯುವಕ ಒಂದು ಗಂಟೆ ಸ್ಕ್ರಿಪ್ಟಿನ ಸಾಲುಗಳನ್ನೇ ಹುಡುಕುತ್ತಾ ಕೂತಿದ್ದರು. ಅಪ್‌ಗ್ರೇಡ್ ಆದ ಯಂತ್ರದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಈಗ ನಿಜವಾಗಿ ಓಡುತ್ತಿರುವ ಶೆಲ್ ಯಾವುದು ಎಂಬುದು. ಇದಕ್ಕೆ ಮೂರು ಕಡೆ ಉತ್ತರ ಸಿಗುತ್ತದೆ, ಮೂರೂ ಒಂದೇ ಆಗಿರುವುದಿಲ್ಲ. ‘ಶೆಲ್’ ಎಂಬ ವೇರಿಯಬಲ್ ಸಾಮಾನ್ಯವಾಗಿ ಲಾಗಿನ್ ಶೆಲ್ಲನ್ನು, ಅಂದರೆ ಲಾಗಿನ್ ಆದಾಗ ಮೊದಲು ತೆರೆಯುವ ಶೆಲ್ಲನ್ನು ಹೇಳುತ್ತದೆಯೇ ಹೊರತು ಈಗಿನದನ್ನಲ್ಲ. ಬ್ಯಾಷ್‌ಗೆ ‘ವರ್ಷನ್’ ಎಂದು ಕೇಳಿದರೆ, ಪಾತ್‌ನಲ್ಲಿ, ಅಂದರೆ ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಮೊದಲು ಸಿಕ್ಕ ಬ್ಯಾಷ್ ಉತ್ತರ ಕೊಡುತ್ತದೆ. ‘ಬ್ಯಾಷ್ ವರ್ಷನ್’ ಎಂಬ ವೇರಿಯಬಲ್ ಮಾತ್ರ ನಿಮ್ಮೆದುರು ಓಡುತ್ತಿರುವ ಶೆಲ್‌ನ ಆವೃತ್ತಿಯನ್ನು ಹೇಳುತ್ತದೆ. ಅಪ್‌ಗ್ರೇಡ್‌ಗೆ ಮುಂಚೆ ತೆರೆದಿದ್ದ ಟರ್ಮಿನಲ್ ಕಿಟಕಿಯಲ್ಲಿ ಹಳೆಯ ಶೆಲ್ಲೇ ಮೆಮೊರಿಯಲ್ಲಿ ಜೀವಂತವಾಗಿರುತ್ತದೆ. ಅದು ಆಜ್ಞೆಗಳ ಹಳೆಯ ವಿಳಾಸಗಳನ್ನೂ ನೆನಪಿಟ್ಟುಕೊಂಡಿರುತ್ತದೆ. ‘ಹ್ಯಾಶ್’ ಆಜ್ಞೆಗೆ ‘ಆರ್’ ಆಯ್ಕೆ ಕೊಟ್ಟರೆ ಆ ನೆನಪು ಅಳಿಯುತ್ತದೆ.

ಮ್ಯಾಕ್ ಬಳಸುವವರಿಗೆ ಈ ಗೊಂದಲ ಇನ್ನೂ ಹೆಚ್ಚು. ಆಪಲ್ ಇಂದಿಗೂ ಕೊಡುವುದು ಬ್ಯಾಷ್ 3.2, ಏಕೆಂದರೆ 2009ರಲ್ಲಿ ಬಂದ 4.0 ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೇ ಆವೃತ್ತಿಗೆ ಹೋಯಿತು, ಆಪಲ್ ಅದನ್ನು ತೆಗೆದುಕೊಳ್ಳಲಿಲ್ಲ. 2019ರ ಕ್ಯಾಟಲಿನಾದಿಂದ ಹೊಸ ಬಳಕೆದಾರರಿಗೆ ಮೊದಲು ಸಿಗುವ ಶೆಲ್ ಜೀಶೆಲ್. ತಂತ್ರಾಂಶ ಹಾಕಿಕೊಡುವ ಹೋಂಬ್ರೂ ಮೂಲಕ ಹೊಸ ಬ್ಯಾಷ್ ಹಾಕಿಕೊಂಡರೆ ಅದು ಹಳೆಯದರ ಜಾಗದಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ: ಇಂಟೆಲ್ ಯಂತ್ರದಲ್ಲಿ ‘ಯುಎಸ್‌ಆರ್ ಲೋಕಲ್’ ಒಳಗೆ, ಆಪಲ್ ಸಿಲಿಕಾನ್‌ನಲ್ಲಿ ‘ಆಪ್ಟ್ ಹೋಂಬ್ರೂ’ ಒಳಗೆ. ಮೊದಲ ಸಾಲಿನಲ್ಲಿ ‘ಬಿನ್’ನ ಬ್ಯಾಷ್ ಎಂದು ಬರೆದ ಸ್ಕ್ರಿಪ್ಟ್ ಹಳೆಯ 3.2ನ್ನೇ ಕರೆಯುತ್ತದೆ, ಅಸೋಸಿಯೇಟಿವ್ ಅರೇ (ಹೆಸರಿನಿಂದ ಮೌಲ್ಯ ಹುಡುಕುವ ಪಟ್ಟಿ) ಕಂಡ ಕೂಡಲೇ ದೋಷ ತೋರಿಸುತ್ತದೆ. ‘ಎನ್ವ್’ ಮೂಲಕ ಕರೆದರೆ ಪಾತ್‌ನಲ್ಲಿ ಮೊದಲಿರುವ ಬ್ಯಾಷ್ ಬರುತ್ತದೆ. ನಿಗದಿತ ಸಮಯಕ್ಕೆ ಆಜ್ಞೆ ನಡೆಸುವ ಕ್ರಾನ್‌ನಲ್ಲಿ ಪಾತ್ ತೀರಾ ಚಿಕ್ಕದಿರುವುದರಿಂದ ಅಲ್ಲಿ ಪೂರ್ಣ ವಿಳಾಸವನ್ನೇ ಬರೆಯುವುದು ಒಳ್ಳೆಯದು.

ಲಾಗಿನ್ ಶೆಲ್ ಬದಲಿಸುವವರು ಮಾತ್ರ ಇನ್ನೊಂದು ಎಚ್ಚರ ವಹಿಸಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಯಂತ್ರದ ಬಾಗಿಲೇ ಮುಚ್ಚಿಕೊಳ್ಳುತ್ತದೆ. ಹೊಸ ಶೆಲ್‌ನ ವಿಳಾಸ ‘ಎಟ್ಸಿ’ಯಲ್ಲಿರುವ ‘ಶೆಲ್ಸ್’ ಕಡತದಲ್ಲಿ ಇಲ್ಲದಿದ್ದರೆ ಲಾಗಿನ್ ಶೆಲ್ ಬದಲಿಸುವ ‘ಸಿಎಚ್ಎಸ್ಎಚ್’ ಆಜ್ಞೆ ಸಾಮಾನ್ಯ ಬಳಕೆದಾರರ ಮಾತು ಕೇಳುವುದಿಲ್ಲ. ಆ ಶೆಲ್ಲನ್ನು ಮುಂದೊಂದು ದಿನ ಅಳಿಸಿದರೆ, ಲಾಗಿನ್ ಶೆಲ್ ಇಲ್ಲದ ಬಳಕೆದಾರರನ್ನು ದೂರದಿಂದ ಲಾಗಿನ್ ಮಾಡಿಸುವ ಎಸ್ಎಸ್ಎಚ್ ಒಳಗೆ ಬಿಡುವುದಿಲ್ಲ. ಆದ್ದರಿಂದ ನನ್ನ ಜೊತೆ ಕೆಲಸ ಕಲಿಯಲು ಬರುವ ಪ್ರತಿಯೊಬ್ಬರಿಗೂ ಒಂದು ಪದ್ಧತಿ ಹೇಳಿಕೊಟ್ಟಿದ್ದೇನೆ: ಶೆಲ್ ಬದಲಿಸುವ ಮುನ್ನ ರೂಟ್ (ಯಂತ್ರದ ಸಂಪೂರ್ಣ) ಅಧಿಕಾರವಿರುವ ಎರಡನೇ ಕಿಟಕಿಯೊಂದನ್ನು ತೆರೆದಿಟ್ಟುಕೊಳ್ಳಿ; ಬದಲಿಸಿದ ನಂತರ ಮೂರನೇ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ; ಅದು ಒಳಗೆ ಹೋಗುವವರೆಗೆ ಮೊದಲೆರಡು ಕಿಟಕಿಗಳನ್ನು ಮುಚ್ಚಬೇಡಿ.