ಬಾಮ್ ಜೀಸಸ್ ಚರ್ಚಿನ ಗೋಡೆ ಕೆಂಪಾಗಿದ್ದು ಯಾವಾಗ?

ಹಳೇ ಗೋವಾದ ರಸ್ತೆಯ ಒಂದು ಬದಿಗೆ ಸೆ ಕೆಥೆಡ್ರಲ್ ಇದೆ, ಅದರ ಪಕ್ಕದಲ್ಲೇ ಅಸ್ಸಿಸಿಯ ಸಂತ ಫ್ರಾನ್ಸಿಸರ ಚರ್ಚು. ಎರಡೂ ಸುಣ್ಣ ಬಳಿದುಕೊಂಡು ಬೆಳ್ಳಗಿವೆ. ಎದುರು ಬದಿಗೆ ಬಾಮ್ ಜೀಸಸ್ ಬಸಿಲಿಕಾ. ಇದಕ್ಕೆ ಮಾತ್ರ ಸುಣ್ಣವೂ ಇಲ್ಲ, ಗಾರೆಯೂ ಇಲ್ಲ. ಕೆಂಪು ಕಲ್ಲು ಹಾಗೇ ಕಾಣುತ್ತದೆ. ಪ್ರವಾಸಿಗರು ಜಾಸ್ತಿ ಫೋಟೊ ತೆಗೆಯುವುದು ಇದನ್ನೇ. ನೋಡಿದರೆ ಹಳೆಯದು ಅನ್ನಿಸಬೇಕು, ಅನ್ನಿಸುತ್ತದೆ ಕೂಡ. ಆದರೆ ಕಟ್ಟಡಕ್ಕೆ 400 ದಾಟಿದ್ದರೂ ಆ ಕೆಂಪು ನೋಟಕ್ಕೆ ಇನ್ನೂ 80 ತುಂಬಿಲ್ಲ. ಗೋಡೆಗೆ ಮತ್ತೆ ಗಾರೆ ಹಚ್ಚಬೇಕೋ ಬೇಡವೋ ಎಂಬ ಜಗಳದ ಬೇರು ಇರುವುದೇ ಇಲ್ಲಿ.

ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳು ಈ ಚರ್ಚನ್ನು ಕಟ್ಟಲು ಶುರು ಮಾಡಿದ್ದು 1594ರ ನವೆಂಬರ್ 24ರಂದು. 1605ರ ಮೇ 15ರಂದು ಆರ್ಚ್‌ಬಿಷಪ್ ಅಲೆಯ್‌ಶೊ ದೆ ಮೆನೆಜೆಸ್ ಇದನ್ನು ಪ್ರತಿಷ್ಠಾಪಿಸಿದರು. ಒಳಗೆ 183 ಅಡಿ ಉದ್ದದ ಒಂದೇ ದೊಡ್ಡ ಹಜಾರ. ಅಕ್ಕಪಕ್ಕ ಕಂಬಸಾಲುಗಳ ಅಂಕಣ ಇಲ್ಲ. ಬಾಗಿಲು ದಾಟಿದವರ ಕಣ್ಣು ನೇರ ಚಿನ್ನದ ಮುಲಾಮಿನ ಬಲಿಪೀಠಕ್ಕೇ ಹೋಗಬೇಕು, ಪಾದ್ರಿಯ ಪ್ರವಚನ ಎಲ್ಲರಿಗೂ ಕೇಳಬೇಕು. ಆ ಕಾಲದ ಯೇಸುಸಭೆಯ ಚರ್ಚುಗಳ ಲೆಕ್ಕಾಚಾರವೇ ಹಾಗೆ. ಮುಂದುಗಡೆ ಗೋಪುರಗಳಿಲ್ಲ, ಗಂಟೆ ಗೋಪುರ ಹಿಂಬದಿಗಿದೆ.

ಮುಖಭಿತ್ತಿಯ ಹತ್ತಿರ ನಿಂತು ನೋಡಿದರೆ ಎರಡು ಬಗೆಯ ಕಲ್ಲು ಕಾಣುತ್ತದೆ. ಗೋಡೆಯ ಮೈಯೆಲ್ಲ ಜಂಬಿಟ್ಟಿಗೆ, ಅಂದರೆ ಕರಾವಳಿಯವರ ಮುರಕಲ್ಲು. ಕಂಬ, ಬಾಗಿಲ ಚೌಕಟ್ಟು, ಮೇಲ್ತುದಿಯಲ್ಲಿ ಯೇಸುವಿನ ಹೆಸರಿನ ಮೂರಕ್ಷರ ಕೆತ್ತಿದ ಫಲಕ, ಇವೆಲ್ಲ ಬೂದು ಬಣ್ಣದ ಬಸಾಲ್ಟ್. ಅದನ್ನು ತಂದದ್ದು ಮುಂಬೈ ಕಡೆಯ ವಸಾಯಿಯಿಂದ. ಅಷ್ಟು ದೂರದಿಂದ ಕಲ್ಲು ತರಿಸಿದ್ದು ಸುಮ್ನೆ ಅಲ್ಲ. ಜಂಬಿಟ್ಟಿಗೆಯಲ್ಲಿ ನಾಜೂಕಿನ ಕೆತ್ತನೆ ನಿಲ್ಲುವುದಿಲ್ಲ. ಕಟ್ಟಿದವರಿಗೆ ಎರಡೂ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ಬಸಾಲ್ಟನ್ನು ಬಿಸಿಲು ಮಳೆಗೆ ಒಡ್ಡಿದರು, ಜಂಬಿಟ್ಟಿಗೆ ಗೋಡೆಗೆ ಸುಣ್ಣದ ಗಾರೆ ಹೊದಿಸಿದರು.

ಜಂಬಿಟ್ಟಿಗೆ ವಿಚಿತ್ರ ಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಕೊಡಲಿಯಂಥ ಹತಾರದಲ್ಲೇ ಕಡಿಯಬಹುದು. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾಗಂತ ಪೂರ್ತಿ ಗಟ್ಟಿಯಲ್ಲ. ಕಬ್ಬಿಣದ ಅಂಶ ಹೆಪ್ಪುಗಟ್ಟಿ ಜಾಲವಾಗಿರುತ್ತದೆ, ಆ ಜಾಲದ ಸಂದುಗಳಲ್ಲಿ ಜೇಡಿ. ಬರೀ ಕಲ್ಲಿನ ಮೇಲೆ ಮಳೆ ಹೊಡೆದಾಗ ಮೊದಲು ಹೋಗುವುದು ಈ ಜೇಡಿ. ತೂತುಗಳು ದೊಡ್ಡವಾಗುತ್ತವೆ, ನೀರು ಇನ್ನೂ ಒಳಕ್ಕೆ ಇಳಿಯುತ್ತದೆ, ಪಾಚಿ ಹಿಡಿಯುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ, ಗಾಳಿ ಜೊತೆ ಅಡ್ಡಡ್ಡ ಬೀಸುವ ಮಳೆ.

ಸುಣ್ಣದ ಗಾರೆ ಇಲ್ಲಿ ಅಲಂಕಾರವಲ್ಲ, ರೇನ್‌ಕೋಟು. ಮಳೆಯ ಏಟು ಅದೇ ತಿನ್ನುತ್ತದೆ. ಒಳಗೆ ಹೊಕ್ಕ ಒಂದಿಷ್ಟು ತೇವವನ್ನು ಬಿಸಿಲು ಬಿದ್ದಾಗ ಹೊರಕ್ಕೂ ಬಿಡುತ್ತದೆ. ಸಿಮೆಂಟಿಗೆ ಈ ಗುಣ ಇಲ್ಲ, ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಸುಣ್ಣದ ಗಾರೆ ಸವೆಯುತ್ತದೆ ನಿಜ. ಸವೆಯಲೆಂದೇ ಅದನ್ನು ಹಾಕುವುದು. ಸವೆದಾಗ ಮತ್ತೆ ಹಚ್ಚಿದರಾಯಿತು, ಕಲ್ಲು ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ಅದನ್ನು ಕೆತ್ತಿ ಹಾಕಿದ್ದೇಕೆ? ಉತ್ತರ ಗೋವಾದಲ್ಲಿಲ್ಲ, ಪೋರ್ಚುಗಲ್ಲಿನಲ್ಲಿದೆ. ಅಲ್ಲಿ 1929ರಲ್ಲಿ ರಾಷ್ಟ್ರೀಯ ಕಟ್ಟಡ ಮತ್ತು ಸ್ಮಾರಕಗಳ ಇಲಾಖೆ ಹುಟ್ಟಿತು. ಸರ್ವಾಧಿಕಾರಿ ಸಲಜಾರ್ ಆಡಳಿತದಲ್ಲಿ ಈ ಇಲಾಖೆ ಹಳೇ ಕೋಟೆ, ಚರ್ಚುಗಳನ್ನು ಹುಡುಕಿ ಹುಡುಕಿ ದುರಸ್ತಿ ಮಾಡಿತು. ದುರಸ್ತಿ ಅಂದರೆ ನಂತರದ ಕಾಲದಲ್ಲಿ ಸೇರಿದ್ದನ್ನೆಲ್ಲ ಕಿತ್ತು, ಗಾರೆ ಉದುರಿಸಿ, ಬರೀ ಕಲ್ಲು ತೋರಿಸುವುದು. ದೇಶದ ವೈಭವದ ಕಾಲ ಕಣ್ಣಿಗೆ ಕಾಣಬೇಕು ಎಂಬ ಹಟ ಅದು. ಪೋರ್ಚುಗಲ್ಲಿನ ಉತ್ತರ ಭಾಗದ ಕಲ್ಲು ಗ್ರಾನೈಟ್, ಆದ್ದರಿಂದ ಈ ಹಟವನ್ನು ತಾಳಿಕೊಂಡಿತು.

ಆ ಇಲಾಖೆಯ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ತ್ರೊ 1950ರ ದಶಕದ ಆರಂಭದಲ್ಲಿ ಗೋವಾಕ್ಕೆ ಬಂದರು. ಸಮಯ ನೋಡಿ: 1952ಕ್ಕೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡು 400 ವರ್ಷ. ಅವರ ಪಾರ್ಥಿವ ಶರೀರ ಇರುವುದು ಈ ಚರ್ಚಿನಲ್ಲೇ, ಅದರ ಸಾರ್ವಜನಿಕ ದರ್ಶನಕ್ಕೆ ತಯಾರಿ ನಡೆದಿತ್ತು. ಇತ್ತ ಸ್ವತಂತ್ರ ಭಾರತ ಗೋವಾ ಬಿಟ್ಟುಹೋಗಿ ಎನ್ನುತ್ತಿತ್ತು. ನಾವು ಇಲ್ಲಿ ನಾಲ್ಕು ಶತಮಾನದಿಂದ ಇದ್ದೇವೆ ಎಂದು ತೋರಿಸಿಕೊಳ್ಳಲು ಲಿಸ್ಬನ್ನಿಗೆ ಹಳೆಯದಾಗಿ ಕಾಣುವ ಕಟ್ಟಡ ಬೇಕಿತ್ತು. ಬೆಳ್ಳಗೆ ಸುಣ್ಣ ಬಳಿದುಕೊಂಡ ಚರ್ಚು ಆ ಕೆಲಸಕ್ಕೆ ಸಾಲುವುದಿಲ್ಲ ಅಲ್ವಾ? ಗಾರೆ ಹೋಯಿತು, ಕೆಂಪು ಗೋಡೆ ಹೊರಬಂತು. ಗ್ರಾನೈಟಿಗೆ ಒಪ್ಪುವ ಮದ್ದನ್ನು ಜಂಬಿಟ್ಟಿಗೆಗೆ ಹಾಕಿದರು.

1961ರಲ್ಲಿ ಪೋರ್ಚುಗೀಸರು ಹೋದರು, ಅವರು ಮಾಡಿಕೊಟ್ಟ ಕೆಂಪು ನೋಟ ಉಳಿಯಿತು. ಕಟ್ಟಡ ಭಾರತೀಯ ಪುರಾತತ್ವ ಇಲಾಖೆಯ (ಎಎಸ್‌ಐ) ರಕ್ಷಣೆಗೆ ಬಂತು. 1986ರಲ್ಲಿ ಹಳೇ ಗೋವಾದ ಚರ್ಚುಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಬಾಮ್ ಜೀಸಸ್ ಇದ್ದದ್ದು ಈ ವೇಷದಲ್ಲೇ. ಈಗ ಗಾರೆ ಬೇಡ ಎನ್ನುವವರ ಗಟ್ಟಿ ವಾದವೂ ಇದೇ: ಎರಡು ಮೂರು ತಲೆಮಾರು ಕಂಡದ್ದು ಕೆಂಪು ಚರ್ಚನ್ನೇ, ಜಗತ್ತು ಗುರುತಿಸುವುದೂ ಅದನ್ನೇ. ಗಾರೆ ತೆಗೆದದ್ದೂ ಈಗ ಇತಿಹಾಸವೇ, ಅದನ್ನು ಅಳಿಸುವುದು ಯಾಕೆ ಎನ್ನುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಮಳೆ ಇತಿಹಾಸ ಕೇಳುವುದಿಲ್ಲ. 2020ರಲ್ಲಿ ಬಸಿಲಿಕಾದ ಪಾದ್ರಿಯೇ ಸೂರು ಸೋರುತ್ತಿದೆ, ಗೋಡೆ ಸವೆಯುತ್ತಿದೆ, ಗಾರೆ ಹಚ್ಚಿ ಎಂದು ಬಹಿರಂಗವಾಗಿ ದನಿ ಎತ್ತಿದರು. ಅಲ್ಲಿಂದ ವಾಸ್ತುಶಿಲ್ಪಿಗಳೂ ಭಕ್ತರೂ ಎರಡು ಪಾಳಯವಾದರು. 2024ರ ನವೆಂಬರಿನಿಂದ 2025ರ ಜನವರಿವರೆಗೆ ಸಂತರ ಶರೀರದ ದರ್ಶನ ನಡೆದಾಗಲೂ ಯಾತ್ರಿಗಳು ಕಂಡದ್ದು ಕೆಂಪು ಗೋಡೆಯನ್ನೇ.

ನನ್ನ ಒಲವು ಗಾರೆಯ ಕಡೆಗೆ. ಹಾಗಂತ ನಾಳೆಯೇ ಸಾರುವೆ ಕಟ್ಟಿ ಶುರು ಮಾಡುವಂತಿಲ್ಲ. ಇದು 1605ರ ಗೋಡೆಯಲ್ಲ. 70 ಚಿಲ್ಲರೆ ಮಳೆಗಾಲ ತಿಂದು ಮೈ ತೂತಾದ ಗೋಡೆ. ತೇವ ತುಂಬಿಕೊಂಡ ಕಲ್ಲಿನ ಮೇಲೆ ಹೊಸ ಗಾರೆ ಕೂರುವುದೂ ಕಷ್ಟ, ಮೊದಲು ಸೋರಿಕೆ ನಿಲ್ಲಬೇಕು, ಗೋಡೆ ಒಣಗಬೇಕು. ಆಮೇಲೆ ಜನರ ಕಣ್ಣಿಗೆ ಬೀಳದ ಕಡೆ ಒಂದು ತುಂಡು ಗೋಡೆಗೆ ಸುಣ್ಣದ ಗಾರೆ ಹಚ್ಚಿ, ಪಕ್ಕದ ತುಂಡನ್ನು ಹಾಗೇ ಬಿಟ್ಟು, ಎರಡರ ತೇವವನ್ನೂ ಮೂರು ನಾಲ್ಕು ಮಳೆಗಾಲ ಅಳೆದು ನೋಡಲಿ. ಆ ಅಂಕಿ ಇಟ್ಟುಕೊಂಡು ಜಗಳ ಆಡಿದರೆ ಎರಡೂ ಕಡೆಯವರಿಗೆ ಅನುಕೂಲ.